ಟೈಟಾನಿಕ್‌ನ ಕೊನೆಯ ಮಕ್ಕಳು: ನನ್ನ ಲೆಡ್ಜರ್ ಕಥೆ

ಟೈಟಾನಿಕ್ ವಿಷಯ ಬಂದರೆ ಜನ ನನ್ನನ್ನು ಕೇಳುವುದು ಹಡಗು ಎಷ್ಟು ಉದ್ದ ಇತ್ತು, ಒಳಗೆ ಈಜುಕೊಳ ಇತ್ತಂತೆ ಹೌದಾ, ಸಿನಿಮಾದಲ್ಲಿ ತೋರಿಸಿದ್ದೆಲ್ಲ ನಿಜವಾ ಅಂತ. ಅದೆಲ್ಲ ಹೇಳೋಕೆ ನನಗೂ ಇಷ್ಟ. ಆದರೆ ಹೈಸ್ಕೂಲಿನ ದಿನದಿಂದ ನನ್ನನ್ನು ಬಿಡದೆ ಹಿಡಿದಿರುವುದು ಬೇರೆ ವಿಷಯ. 1912ರ ಏಪ್ರಿಲ್ 15ರ ಬೆಳಗ್ಗೆ ಕಾರ್ಪೇಥಿಯಾ ಹಡಗು ಬಂದು ಏಳುನೂರು ಚಿಲ್ಲರೆ ಜನರನ್ನು ದೋಣಿಗಳಿಂದ ಹತ್ತಿಸಿಕೊಂಡಿತು. ಅವರೆಲ್ಲ ಆಮೇಲೆ ಏನಾದರು? ಕೊನೆಗೆ ಉಳಿದವರು ಯಾರು? ಅವರಿಗೆ ಏನು ನೆನಪಿತ್ತು? ಕೆಲವರು ಸಾಯುವತನಕ ಯಾಕೆ ಬಾಯಿ ಬಿಡಲಿಲ್ಲ?

ಶುರುವಾಗಿದ್ದು 1985ರಲ್ಲಿ. ಆ ವರ್ಷ ಸೆಪ್ಟೆಂಬರ್ 1ರಂದು ರಾಬರ್ಟ್ ಬ್ಯಾಲರ್ಡ್ ಮತ್ತು ಜ್ಯಾಂ ಲೂಯಿ ಮಿಶೆಲ್ ಅವರ ತಂಡ ಮುಳುಗಿದ ಹಡಗನ್ನು ಪತ್ತೆ ಮಾಡಿತು. ಸುಮಾರು 3,800 ಮೀಟರ್ ಆಳದಲ್ಲಿ, ಎರಡು ತುಂಡಾಗಿ. ನಮ್ಮೂರಿನ ಗ್ರಂಥಾಲಯಕ್ಕೆ ಪೇಪರ್ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಆ ಸುದ್ದಿ ಓದುವಾಗ ನನಗೆ ಹೊಳೆದದ್ದು ಒಂದೇ: ಆ ಹಡಗಿನಲ್ಲಿದ್ದವರು ಯಾರಾದರೂ ಇನ್ನೂ ಬದುಕಿರಬಹುದಲ್ವಾ? ಇದ್ದರು. ಅವತ್ತಿಗೆ ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದರು. ಹೆಚ್ಚುಕಮ್ಮಿ ಎಲ್ಲರೂ ಆ ರಾತ್ರಿ ಮಕ್ಕಳಾಗಿದ್ದವರು.

ಮುಂದೆ ಬ್ಯಾಂಕ್ ಕೆಲಸಕ್ಕೆ ಸೇರಿದೆ. ಕಂಪ್ಯೂಟರ್ ಬಂದ ಮೇಲೆ ಉಪಯೋಗಕ್ಕೆ ಬಾರದೆ ಖಾಲಿ ಉಳಿದಿದ್ದ ಒಂದು ದಪ್ಪ ಲೆಡ್ಜರನ್ನು ಮ್ಯಾನೇಜರ್ ಹತ್ತಿರ ಕೇಳಿ ಮನೆಗೆ ತಂದೆ. ಬದುಕುಳಿದ ಒಬ್ಬೊಬ್ಬರಿಗೆ ಒಂದೊಂದು ಪುಟ. ಪುಟದಲ್ಲಿ ನಾಲ್ಕು ಕಾಲಂ. ಏನು ಹೇಳಿದರು. ಯಾವ ವರ್ಷ ಹೇಳಿದರು. ಹಡಗಿನಲ್ಲಿದ್ದಾಗ ವಯಸ್ಸೆಷ್ಟು. ನಾಲ್ಕನೆಯದಕ್ಕೆ ನಾನಿಟ್ಟ ಹೆಸರು ‘ಅಮ್ಮ’. ಅಂದರೆ ಇದು ಅವರೇ ಕಂಡದ್ದಾ, ಇಲ್ಲಾ ಅಮ್ಮನ ಬಾಯಿಂದ ಕೇಳಿ ಕೇಳಿ ತಮ್ಮದೇ ಅನ್ನಿಸಿದ್ದಾ? ಈ ಕೊನೆಯ ಕಾಲಂ ತುಂಬೋದೇ ನಿಜವಾದ ಕೆಲಸ. ಉಳಿದದ್ದು ಬರೀ ನಕಲು ಮಾಡೋದು.

ಮಿಲ್ವಿನಾ ಡೀನ್ ಅವರ ಪುಟ ತೆಗೆದುಕೊಳ್ಳಿ. ಹಡಗಿನಲ್ಲಿ ಅವರಿಗೆ ಒಂಬತ್ತು ವಾರ. ಎಲ್ಲರಿಗಿಂತ ಚಿಕ್ಕ ಪ್ರಯಾಣಿಕೆ. ಅಪ್ಪ ಬರ್ಟ್ರಮ್ ಇಂಗ್ಲೆಂಡಿನಲ್ಲಿ ಇದ್ದದ್ದನ್ನು ಬಿಟ್ಟು ಅಮೆರಿಕದ ಕ್ಯಾನ್ಸಸ್‌ನಲ್ಲಿ ತಂಬಾಕಿನ ಅಂಗಡಿ ಇಡಲು ಹೊರಟಿದ್ದರು. ಮೂರನೇ ದರ್ಜೆ ಟಿಕೆಟ್. ಅವರು ಹತ್ತಬೇಕಿದ್ದದ್ದು ಬೇರೆ ಹಡಗು. ಆ ವರ್ಷ ಬ್ರಿಟನ್ನಿನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ ನಡೆದು ಎಷ್ಟೋ ಹಡಗುಗಳು ನಿಂತವು, ಅವುಗಳ ಪ್ರಯಾಣಿಕರನ್ನು ಟೈಟಾನಿಕ್‌ಗೆ ಹಾಕಿದರು. ಅಮ್ಮ, ಅಣ್ಣ, ಮಿಲ್ವಿನಾ ಬದುಕಿದರು. ಅಪ್ಪ ಹೋದರು. ತಾನು ಆ ಹಡಗಿನಲ್ಲಿದ್ದೆ ಅಂತ ಮಿಲ್ವಿನಾಗೆ ಗೊತ್ತಾಗಿದ್ದೇ ಎಂಟು ವರ್ಷವಾದಾಗ, ಅಮ್ಮ ಮರುಮದುವೆಗೆ ಹೊರಟಾಗ. ಹೀಗಾಗಿ ಅವರ ಪುಟದಲ್ಲಿ ನಾಲ್ಕನೇ ಕಾಲಂ ಪೂರ್ತಿ ‘ಅಮ್ಮ, ಅಮ್ಮ, ಅಮ್ಮ’. ಅವರೂ ಅದನ್ನು ಮುಚ್ಚಿಡಲಿಲ್ಲ. ತನಗೆ ಏನೂ ನೆನಪಿಲ್ಲ ಅಂತ ಎಲ್ಲರ ಮುಂದೆ ಹೇಳುತ್ತಿದ್ದರು. 1997ರ ಆ ದೊಡ್ಡ ಸಿನಿಮಾ ನೋಡೋಕೂ ಒಪ್ಪಲಿಲ್ಲ. ಅಪ್ಪ ಕೊನೇ ಗಳಿಗೆಯಲ್ಲಿ ಏನು ಮಾಡಿರಬಹುದು ಅಂತ ಯೋಚನೆ ಹತ್ತಿಕೊಳ್ಳುತ್ತೆ ಎಂಬುದು ಅವರ ಕಾರಣ.

2008ರಲ್ಲಿ ನರ್ಸಿಂಗ್ ಹೋಂ ಖರ್ಚಿಗೆ ಅವರು ಮನೆಯಲ್ಲಿದ್ದ ಟೈಟಾನಿಕ್ ವಸ್ತುಗಳನ್ನು ಹರಾಜಿಗೆ ಕೊಟ್ಟ ಸುದ್ದಿ ಓದಿ ನನಗೆ ತುಂಬಾ ಸಂಕಟವಾಯಿತು. ಮರುವರ್ಷ ಅವರ ಹೆಸರಲ್ಲಿ ಒಂದು ನಿಧಿ ಶುರುವಾಯಿತು, ಸಿನಿಮಾದ ನಟ ನಟಿ, ನಿರ್ದೇಶಕರೂ ದುಡ್ಡು ಕೊಟ್ಟರು. 2009ರ ಮೇ 31ರಂದು, 97ನೇ ವಯಸ್ಸಿಗೆ, ಮಿಲ್ವಿನಾ ತೀರಿಕೊಂಡರು. ಟೈಟಾನಿಕ್ ಬೆಲ್‌ಫಾಸ್ಟಿನಲ್ಲಿ ನೀರಿಗಿಳಿದದ್ದೂ 1911ರ ಮೇ 31ರಂದೇ. ಅವರ ಅಣ್ಣ ತೀರಿಕೊಂಡದ್ದು 1992ರ ಏಪ್ರಿಲ್ 14ರಂದು, ಹಡಗು ಹಿಮಬಂಡೆಗೆ ಬಡಿದು ಸರಿಯಾಗಿ 80 ವರ್ಷಕ್ಕೆ. ಈ ಕಾಕತಾಳೀಯಗಳಿಗೆ ನಾನು ಅರ್ಥ ಹುಡುಕೋಕೆ ಹೋಗೋದಿಲ್ಲ. ತಾರೀಕು ಬರೆದು ಅಡಿಗೆರೆ ಹಾಕ್ತೀನಿ, ಅಷ್ಟೇ.

ಅಂದರೆ ‘ಕೊನೆಯ ಬದುಕುಳಿದವರು’ ಒಬ್ಬರು, ‘ಕೊನೆಯ ನೆನಪು’ ಇನ್ನೊಬ್ಬರದು. ಆ ಇನ್ನೊಬ್ಬರ ಹತ್ತಿರ ಆಮೇಲೆ ಬರ್ತೀನಿ.

ಈ ಹವ್ಯಾಸಕ್ಕೆ ಬೇಕಾದ ಮುಖ್ಯ ಸಾಮಗ್ರಿ ಇವತ್ತು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ಎರಡು ವಿಚಾರಣೆ ನಡೆದವು. ಅಮೆರಿಕದ ಸೆನೆಟ್ ವಿಚಾರಣೆ ಏಪ್ರಿಲ್ 19ಕ್ಕೇ ಶುರು, ಬದುಕಿದವರು ನ್ಯೂಯಾರ್ಕಿನಲ್ಲಿ ಇಳಿದ ಮರುದಿನ. ಸೆನೆಟರ್ ವಿಲಿಯಂ ಆಲ್ಡನ್ ಸ್ಮಿತ್ ನಡೆಸಿದ್ದು. ಬ್ರಿಟನ್ನಿನದು ಮೇ 2ರಿಂದ, ಲಾರ್ಡ್ ಮರ್ಸಿ ಮುಂದೆ. ಬ್ರಿಟಿಷ್ ವಿಚಾರಣೆಯಲ್ಲಿ ಕೇಳಿದ ಪ್ರಶ್ನೆ 25,000ಕ್ಕೂ ಜಾಸ್ತಿ, ಒಂದೊಂದಕ್ಕೂ ನಂಬರ್ ಇದೆ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಮೊದಲು ಬೇಜಾರಾಗಬಹುದು. ಆದರೆ ಬ್ಯಾಂಕಿನಲ್ಲಿ ವೋಚರ್ ತಾಳೆ ನೋಡಿ ಅಭ್ಯಾಸವಿದ್ದ ನನಗೆ ಇದು ಹಬ್ಬದೂಟದ ಹಾಗಿತ್ತು. ರಾತ್ರಿ ಊಟವಾದ ಮೇಲೆ ಒಬ್ಬ ಸಾಕ್ಷಿಯನ್ನು ಮಾತ್ರ ಓದುವುದು, ಪಕ್ಕದಲ್ಲಿ ಹಡಗಿನ ಅಂತಸ್ತುಗಳ ನಕ್ಷೆ ಬಿಡಿಸಿಟ್ಟುಕೊಳ್ಳುವುದು. ಅವನು ‘ಅಲ್ಲಿಂದ ಮೇಲೆ ಹತ್ತಿದೆ’ ಅಂದರೆ ಯಾವ ಮೆಟ್ಟಿಲು ಅಂತ ಬೆರಳಿಟ್ಟು ನೋಡುವುದು. ನಕ್ಷೆ ಇಲ್ಲದೆ ಓದಿದರೆ ಏನೂ ತಲೆಗೆ ಹೋಗೋದಿಲ್ಲ, ಇದು ನನ್ನ ಖಂಡಿತವಾದ ಮಾತು.

ಹೀಗೆ ಓದುವಾಗ ಒಂದು ವಿಷಯ ಎದ್ದು ಕಂಡಿತು. ಬ್ರಿಟಿಷ್ ವಿಚಾರಣೆಯಲ್ಲಿ ಮೂರನೇ ದರ್ಜೆಯ ಪ್ರಯಾಣಿಕರನ್ನು ಒಬ್ಬರನ್ನೂ ಸಾಕ್ಷಿಗೆ ಕರೆಯಲಿಲ್ಲ. ಅಮೆರಿಕದಲ್ಲಿ ಮೂವರನ್ನು ಕರೆದರು. ಮಕ್ಕಳನ್ನಂತೂ ಎರಡೂ ಕಡೆ ಕೇಳಲಿಲ್ಲ. ಎಲ್ಲರಿಗಿಂತ ಜಾಸ್ತಿ ಕಾಲ ಬದುಕಿ, ಎಲ್ಲರಿಗಿಂತ ಜಾಸ್ತಿ ಕಾಲ ಆ ರಾತ್ರಿಯನ್ನು ಹೊತ್ತವರು ಈ ಮಕ್ಕಳೇ. ಅವರ ಮಾತು ದಾಖಲೆಗೆ ಬಂದದ್ದು ತಲೆ ಹಣ್ಣಾದ ಮೇಲೆ.

ಇದರಿಂದ ಎಂಥ ನಷ್ಟವಾಯಿತು ಅನ್ನೋದಕ್ಕೆ ಈವಾ ಹಾರ್ಟ್ ಸಾಕು. ಆ ರಾತ್ರಿ ಅವರಿಗೆ ಏಳು ವರ್ಷ. ಅಪ್ಪ ಅಮ್ಮನ ಜೊತೆ ಕೆನಡಾದ ವಿನಿಪೆಗ್‌ಗೆ ಹೊರಟಿದ್ದರು. ಇವರೂ ಮುಷ್ಕರದ ದೆಸೆಯಿಂದ ಹಡಗು ಬದಲಾದವರೇ. ಮುಳುಗದ ಹಡಗು ಅಂತ ಹೇಳೋದು ದೇವರಿಗೆ ಸವಾಲು ಹಾಕಿದ ಹಾಗೆ ಅಂತ ಅವರ ಅಮ್ಮನಿಗೆ ದಿಗಿಲು. ಹಗಲು ಮಲಗಿ, ರಾತ್ರಿಯೆಲ್ಲ ಬಟ್ಟೆ ಹಾಕಿಕೊಂಡು ಎಚ್ಚರವಾಗಿ ಕೂತಿರುತ್ತಿದ್ದರು. ಹಾಗಾಗಿಯೇ ಹಡಗು ಬಡಿದಾಗ ಗಂಡನನ್ನು ಎಬ್ಬಿಸಿದರು. ಅಪ್ಪ ಮಗಳನ್ನು 14ನೇ ದೋಣಿಗೆ ಹತ್ತಿಸಿ, ಅಮ್ಮನ ಕೈ ಹಿಡಿದುಕೊಂಡು ಒಳ್ಳೆ ಹುಡುಗಿಯಾಗಿರು ಅಂದರು. ಅದೇ ಕೊನೆ.

ಹಡಗು ಎರಡು ಹೋಳಾಗಿ ಮುಳುಗಿತು ಅಂತ ಈವಾ ಜೀವನಪೂರ್ತಿ ಹೇಳಿದರು. ಇನ್ನೂ ಕೆಲವರು ಹಾಗೇ ಹೇಳಿದ್ದರು, 17 ವರ್ಷದ ಜ್ಯಾಕ್ ಥೇಯರ್ ಕೂಡ. ಆದರೆ ಬದುಕುಳಿದ ಅಧಿಕಾರಿಗಳಲ್ಲಿ ಹಿರಿಯನಾದ ಲೈಟೋಲರ್, ಹಡಗು ಇಡಿಯಾಗಿಯೇ ಮುಳುಗಿತು ಅಂತ ಸಾಕ್ಷಿ ನುಡಿದ. ಬ್ರಿಟಿಷ್ ವರದಿ ಅದನ್ನೇ ಒಪ್ಪಿತು. ಯೂನಿಫಾರ್ಮ್ ಹಾಕಿದವನ ಮಾತು ಒಂದು ಕಡೆ, ಏಳು ವರ್ಷದ ಹುಡುಗಿಯ ಕಣ್ಣು ಒಂದು ಕಡೆ. ಯಾರನ್ನು ನಂಬುತ್ತಾರೆ ಹೇಳಿ? 1985ರಲ್ಲಿ ಕ್ಯಾಮೆರಾ ಕೆಳಗಿಳಿದಾಗ ಮುಂಭಾಗ ಒಂದು ಕಡೆ, ಅದರಿಂದ ಸುಮಾರು 600 ಮೀಟರ್ ದೂರದಲ್ಲಿ ಹಿಂಭಾಗ. ಆಗ ಈವಾಗೆ 80. ಸದ್ಯ, ಅದನ್ನು ಕೇಳೋಕೆ ಅವರು ಬದುಕಿದ್ದರು. 1996ರವರೆಗೂ ಇದ್ದರು.

ಈ ಒಂದು ಪುಟದಿಂದ ನಾನು ಓದುವ ರೀತಿಯೇ ಬದಲಾಯಿತು. ಮಕ್ಕಳು ಹೇಳಿದ್ದನ್ನು ಮೊದಲು ಬರೆದುಕೊಳ್ಳೋದು, ಅನುಮಾನ ಆಮೇಲೆ ಪಡೋದು. ಹಾಗಂತ ಎಲ್ಲವನ್ನೂ ನಂಬೋದಲ್ಲ. ವಾದ್ಯದವರು ಕೊನೆಗೆ ಯಾವ ರಾಗ ನುಡಿಸಿದರು ಅನ್ನೋ ವಿಷಯದಲ್ಲಿ ದೊಡ್ಡವರೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಥದ್ದನ್ನು ನಾನು ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಪೆನ್ನಿನಲ್ಲಿ ಬರೆಯಬೇಕಾದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಹೇಳಿರಬೇಕು.

ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು 13ನೇ ದೋಣಿ. ಅದಕ್ಕೆ ಕಾರಣ ರೂತ್ ಬೆಕರ್. ಹುಟ್ಟಿದ್ದು ನಮ್ಮ ಪಕ್ಕದ ಆಂಧ್ರದ ಗುಂಟೂರಿನಲ್ಲಿ, 1899ರಲ್ಲಿ. ಅಪ್ಪ ಅಲ್ಲಿ ಲೂಥರನ್ ಮಿಷನರಿ. ಪುಟ್ಟ ತಮ್ಮ ರಿಚರ್ಡ್‌ಗೆ ಕಾಯಿಲೆಯಾಗಿ ಅಮ್ಮ ಮೂರು ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಹೊರಟರು. ಅಪ್ಪ ಇಲ್ಲೇ ಉಳಿದರು. ಇಂಗ್ಲೆಂಡಿನಲ್ಲಿ ಟೈಟಾನಿಕ್ ಹತ್ತಿದಾಗ ರೂತ್‌ಗೆ 12. ಗುಂಟೂರಿನ ಬಿಸಿಲಲ್ಲಿ ಬೆಳೆದ ಹುಡುಗಿ ಆ ಕೊರೆಯುವ ಚಳಿಯಲ್ಲಿ ಡೆಕ್ ಮೇಲೆ ನಿಂತಿದ್ದನ್ನು ನೆನೆದರೆ ನನಗೆ ಈಗಲೂ ಒಂಥರಾ ಆಗುತ್ತೆ.

ಮೇಲೆ ಚಳಿ ಅಂತ ಅಮ್ಮ ಅವಳನ್ನು ಕೆಳಗೆ ಕ್ಯಾಬಿನ್ನಿಗೆ ಕಂಬಳಿ ತರಲು ಕಳಿಸಿದರು. ತಂದಳು. 11ನೇ ದೋಣಿಗೆ ತಮ್ಮ ತಂಗಿಯರನ್ನು ಎತ್ತಿ ಹಾಕಿದರು, ಅಮ್ಮ ಹಿಂದೆಯೇ ಹತ್ತಿದರು. ಜಾಗ ಮುಗಿಯಿತು. ಇನ್ನೊಂದಕ್ಕೆ ಹತ್ತು ಅಂತ ಅಮ್ಮ ಕೂಗಿದರು. ಹುಡುಗಿ ತಾನೇ ಹೋಗಿ ಅಧಿಕಾರಿಯನ್ನು ಕೇಳಿ, 13ನೇ ದೋಣಿ ಹತ್ತಿದಳು. ಕೈಯಲ್ಲಿ ಕಂಬಳಿ ಹಾಗೇ ಇತ್ತು.

ಇನ್ನು ಅದೇ ದೋಣಿಯ ಇನ್ನಿಬ್ಬರನ್ನು ನೋಡಿ. ಒಬ್ಬ ಫ್ರೆಡರಿಕ್ ಬ್ಯಾರೆಟ್, ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವರ ಮೇಸ್ತ್ರಿ. ಹಿಮಬಂಡೆ ಬಡಿದಾಗ 6ನೇ ಬಾಯ್ಲರ್ ಕೋಣೆಯಲ್ಲಿದ್ದು, ಪಕ್ಕದ ಗೋಡೆಯಿಂದ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡವನು. ಇನ್ನೊಬ್ಬ ಲಾರೆನ್ಸ್ ಬೀಸ್ಲಿ, ವಿಜ್ಞಾನದ ಮೇಷ್ಟ್ರು. ಬ್ಯಾರೆಟ್ ಹೇಳಿದ್ದು ವಿಚಾರಣೆಯಲ್ಲಿ. ಬೀಸ್ಲಿ ಅದೇ ವರ್ಷ ಪುಸ್ತಕ ಬರೆದ. ರೂತ್ ಟೀಚರಾಗಿ ನಿವೃತ್ತಿಯಾದ ಮೇಲೆ ಎಲ್ಲರ ಮುಂದೆ ಬಿಚ್ಚಿ ಮಾತಾಡಿದರು. ಅವರ ಮಕ್ಕಳಿಗೇ ಚಿಕ್ಕಂದಿನಲ್ಲಿ ಅಮ್ಮ ಟೈಟಾನಿಕ್‌ನಲ್ಲಿದ್ದರು ಅಂತ ಗೊತ್ತಿರಲಿಲ್ಲ.

ಮೂವರ ಮಾತನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದೆ. ದೋಣಿ ಇಳಿಯುವಾಗ ಹಡಗಿನ ಪಕ್ಕದಿಂದ ಯಂತ್ರದ ನೀರು ದಪ್ಪ ಧಾರೆಯಾಗಿ ಹೊರಗೆ ಚಿಮ್ಮುತ್ತಿತ್ತು. ಅದು ದೋಣಿಯನ್ನು ಹಿಂದಕ್ಕೆ ತಳ್ಳಿತು. ತಳ್ಳಿದ್ದು ಸೀದಾ 15ನೇ ದೋಣಿ ಇಳಿಯುತ್ತಿದ್ದ ಜಾಗದ ಕೆಳಕ್ಕೆ. ಮೇಲಿನವರಿಗೆ ಕೆಳಗಿನ ಕೂಗು ಕೇಳಿಸುತ್ತಿಲ್ಲ. 13ನೇ ದೋಣಿಯ ಹಗ್ಗ ಇನ್ನೂ ಬಿಗಿಯಾಗಿದೆ, ಬಿಚ್ಚೋಕೆ ಬರ್ತಿಲ್ಲ. ಮೇಲಿನ ದೋಣಿಯ ತಳ ಕೈ ಎತ್ತಿದರೆ ತಾಗುವಷ್ಟು ಹತ್ತಿರ ಬಂತು. ಆಗ ಒಬ್ಬ ಚಾಕು ತೆಗೆದು ಹಗ್ಗ ಕತ್ತರಿಸಿದ. ದೋಣಿ ಸರಿಯಿತು, ಅದೇ ಜಾಗಕ್ಕೆ 15ನೆಯದು ಬಂದು ಕೂತಿತು. ಹಗ್ಗ ಕತ್ತರಿಸಲು ಹೆಂಗಸರನ್ನು ದಾಟಿಕೊಂಡು ಹೋದದ್ದು ನಾನೇ ಅಂತ ಬ್ಯಾರೆಟ್ ಸಾಕ್ಷಿಯಲ್ಲಿದೆ. ಬೀಸ್ಲಿ ಕಂಡದ್ದು ಚಾಕು ಹಿಡಿದ ಒಬ್ಬ ಬಾಯ್ಲರ್ ಕೆಲಸಗಾರನನ್ನು. ರೂತ್ ಕೂಡ ಹಗ್ಗ ಕತ್ತರಿಸಿದ್ದನ್ನು ಹೇಳುತ್ತಾರೆ.

ನನಗೆ ರೋಮಾಂಚನವಾದದ್ದು ಆಮೇಲಿನ ಭಾಗಕ್ಕೆ. ಬಾಯ್ಲರ್ ಕೋಣೆಯಿಂದ ಬಂದವರ ಮೈಮೇಲೆ ತೆಳು ಬಟ್ಟೆ ಮಾತ್ರ. ಚಳಿ ತಡೆಯಲಾರದೆ ದೋಣಿಯ ಉಸ್ತುವಾರಿಯನ್ನು ಇನ್ನೊಬ್ಬನಿಗೆ ಕೊಟ್ಟೆ, ಯಾರೋ ಹೆಂಗಸು ನನ್ನ ಮೇಲೆ ಹೊದಿಕೆ ಹೊದಿಸಿದಳು ಅಂತ ಬ್ಯಾರೆಟ್ ಹೇಳುತ್ತಾನೆ. ರೂತ್ ಹೇಳುವುದು, ನಡುಗುತ್ತಿದ್ದ ಕೆಲಸಗಾರರಿಗೆ ತನ್ನ ಕಂಬಳಿಗಳನ್ನು ಹರಿದು ಹಂಚಿದರು ಅಂತ. ಬ್ಯಾರೆಟ್‌ಗೆ ಸಿಕ್ಕಿದ್ದು ಆ ಕಂಬಳಿಯೇ ಅಂತ ನಾನು ಹೇಳೋದಿಲ್ಲ, ಬೇರೆ ಹೊದಿಕೆಯೇ ಇರಬಹುದು. ಆದರೆ ಒಂದೇ ದೋಣಿ, ಅದೇ ಚಳಿ, ಅದೇ ನಡುಗುವ ಗಂಡಸರು. ಎಷ್ಟೋ ದಶಕಗಳ ಅಂತರದಲ್ಲಿ ಇಬ್ಬರು ಹೇಳಿದ ಮಾತು ತಾಳೆಯಾಯಿತು. ಅವತ್ತು ರೂತ್ ಪುಟದಲ್ಲಿ ‘ಅಮ್ಮ’ ಕಾಲಂಗೆ ಪೆನ್ನಿನಲ್ಲಿ ಅಡ್ಡಗೆರೆ ಎಳೆದೆ. ಅವರ ಅಮ್ಮ ಆ ದೋಣಿಯಲ್ಲಿ ಇರಲೇ ಇಲ್ಲವಲ್ಲ. ಇದು ಪೂರ್ತಿ ಆ ಹುಡುಗಿಯದೇ ನೆನಪು. ರೂತ್ 1990ರಲ್ಲಿ ತೀರಿಕೊಂಡರು. ಅವರ ಬೂದಿಯನ್ನು 1994ರಲ್ಲಿ ಟೈಟಾನಿಕ್ ಮುಳುಗಿದ ಜಾಗದಲ್ಲೇ ಕಡಲಿಗೆ ಬಿಟ್ಟರು.

ತೀರ ಚಿಕ್ಕ ಮಕ್ಕಳ ನೆನಪು ಇನ್ನೊಂದು ಬಗೆ. ಮಿಶೆಲ್ ನಾವ್ರಾತಿಲ್‌ಗೆ ಆಗ ನಾಲ್ಕು ತುಂಬಿರಲಿಲ್ಲ. ಹೆಂಡತಿಯಿಂದ ಬೇರೆಯಾಗಿದ್ದ ಅಪ್ಪ, ಹಾಫ್‌ಮನ್ ಅಂತ ಸುಳ್ಳು ಹೆಸರು ಹೇಳಿ ಇಬ್ಬರು ಗಂಡುಮಕ್ಕಳನ್ನು ಫ್ರಾನ್ಸಿನಿಂದ ಕದ್ದು ತಂದಿದ್ದ. ಅಪ್ಪ ಸತ್ತ. ಮಕ್ಕಳಿಗೆ ಇಂಗ್ಲಿಷ್ ಬಾರದು, ಹೆಸರೇ ಯಾರಿಗೂ ಗೊತ್ತಿಲ್ಲ. ಪತ್ರಿಕೆಯಲ್ಲಿ ಬಂದ ವಿವರದಿಂದ ತಾಯಿ ಗುರುತಿಸಿ, ಒಂದು ತಿಂಗಳ ಮೇಲೆ ನ್ಯೂಯಾರ್ಕಿಗೆ ಬಂದು ಕರೆದೊಯ್ದರು. ಮಿಶೆಲ್ ಮುಂದೆ ತತ್ವಶಾಸ್ತ್ರದ ಪ್ರೊಫೆಸರ್ ಆದರು. ಭಯ ಬಿದ್ದ ನೆನಪೇ ತನಗಿಲ್ಲ, ದೋಣಿಯೊಳಗೆ ದೊಪ್ಪನೆ ಬಿದ್ದದ್ದು ಮಜಾ ಅನ್ನಿಸಿತ್ತು ಅಂತ ಅವರು ಹೇಳಿದ್ದಾರೆ. ಯಾವ ಅಮ್ಮನೂ ಇಂಥ ನೆನಪು ಹೇಳಿಕೊಡೋದಿಲ್ಲ. ಅದಕ್ಕೇ ನಾನು ಅದನ್ನು ನಂಬುತ್ತೇನೆ. 2001ರಲ್ಲಿ ಅವರು ಹೋದ ಮೇಲೆ ಬದುಕುಳಿದ ಗಂಡಸರು ಯಾರೂ ಇರಲಿಲ್ಲ.

ಇನ್ನು ಮಾತಾಡದವರು. ‘ಕೊನೆಯ ನೆನಪು’ ಅಂದೆನಲ್ಲ, ಅದು ಲಿಲಿಯನ್ ಆಸ್ಪ್ಲುಂಡ್ ಅವರದು. ಐದು ವರ್ಷದ ಹುಡುಗಿ. ಅಪ್ಪ, ಇಬ್ಬರು ಅಣ್ಣಂದಿರು, ಜೊತೆಗೇ ಹುಟ್ಟಿದ ಅವಳಿ ಸೋದರ, ಒಟ್ಟು ನಾಲ್ವರು ಒಂದೇ ರಾತ್ರಿ ಹೋದರು. ಅಮ್ಮ, ತಮ್ಮ ಫೆಲಿಕ್ಸ್, ಇವರು ಉಳಿದರು. ಮದುವೆಯಾಗಲಿಲ್ಲ. ಅಮ್ಮನನ್ನು ನೋಡಿಕೊಂಡರು. ಅಮ್ಮ ತೀರಿಕೊಂಡದ್ದು 1964ರ ಏಪ್ರಿಲ್ 15ರಂದು. ಲಿಲಿಯನ್ ಸಂದರ್ಶನ ಕೊಡುತ್ತಿರಲಿಲ್ಲ. ಹೇಳಿದ ಅಪರೂಪದ ಮಾತುಗಳಲ್ಲಿ ಒಂದು: ಹಡಗಿಗೆ ಆಗತಾನೇ ಬಣ್ಣ ಹೊಡೆದಿದ್ದರು, ಆ ವಾಸನೆ ತನಗೆ ಹಿಡಿಸಲಿಲ್ಲ ಅಂತ. 2006ರಲ್ಲಿ 99ನೇ ವಯಸ್ಸಿಗೆ ಹೋದರು. ಅಪ್ಪನ ಶವದ ಜೊತೆ ಸಿಕ್ಕ ಗಡಿಯಾರವನ್ನು ಆ ಮನೆಯವರು ಕೊನೇವರೆಗೂ ಇಟ್ಟುಕೊಂಡಿದ್ದರು. ಅದು ನಿಂತದ್ದು 2:19ಕ್ಕೆ. ಹಡಗು ಮುಳುಗಿದ್ದು 2:20ಕ್ಕೆ.

ಬಾರ್ಬರಾ ವೆಸ್ಟ್ ಇನ್ನೂ ಗಟ್ಟಿ. ಹಡಗಿನಲ್ಲಿ ಹತ್ತು ತಿಂಗಳ ಕೂಸು. ಟೈಟಾನಿಕ್ ಸುದ್ದಿಯೇ ಬೇಡ ಅಂದವರು. 2007ರಲ್ಲಿ ಅವರು ತೀರಿಕೊಂಡಾಗ, ಅಂತ್ಯಕ್ರಿಯೆ ಮುಗಿದ ಮೇಲೆಯೇ ಸುದ್ದಿ ಹೊರಗೆ ಹೋಗಬೇಕು ಅನ್ನೋದು ಅವರ ಇಚ್ಛೆಯಾಗಿತ್ತು. ಅವರ ಪುಟದಲ್ಲಿ ಹುಟ್ಟು, ಸಾವು, ಊರು ಇಷ್ಟೇ ಬರೆದಿದ್ದೇನೆ. ಜಾಸ್ತಿ ಕೆದಕಿಲ್ಲ. ಬೇಡ ಅಂದವರನ್ನು ಸತ್ತ ಮೇಲೂ ಬಿಟ್ಟುಬಿಡಬೇಕು. ಈ ಹವ್ಯಾಸದಲ್ಲಿ ಈ ಒಂದು ನಿಯಮವನ್ನು ನಾನು ಮುರಿಯೋದಿಲ್ಲ.

ಮಗಳು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಓದಲು ಸೇರಿದಾಗ ನನ್ನ ಹೆಂಡತಿ ಹೇಳಿದಳು, ‘ನಿಮ್ಮ ಪುಣ್ಯ ಕಣ್ರೀ’ ಅಂತ. ಶವ ಎತ್ತಲು ಮ್ಯಾಕೇ ಬೆನೆಟ್ ಹಡಗು ಹೊರಟದ್ದು ಆ ಊರಿನಿಂದಲೇ. ಟೈಟಾನಿಕ್‌ನ 150 ಜನರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಅದರಲ್ಲಿ 121 ಜನ ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ. ಸಣ್ಣ ಇಳಿಜಾರು, ಹುಲ್ಲು, ಗ್ರಾನೈಟ್ ಕಲ್ಲುಗಳ ಸಾಲು. ಸಾಲುಗಳು ಸ್ವಲ್ಪ ಬಾಗಿವೆ, ಮೇಲಿಂದ ನೋಡಿದರೆ ಹಡಗಿನ ಮೂತಿಯ ಹಾಗೆ ಕಾಣುತ್ತೆ. ಎಷ್ಟೋ ಕಲ್ಲುಗಳ ಮೇಲೆ ಹೆಸರಿಲ್ಲ. 1912ರ ಏಪ್ರಿಲ್ 15 ಅನ್ನೋ ತಾರೀಕು, ಕೆಳಗೆ ಶವಕ್ಕೆ ಕೊಟ್ಟ ನಂಬರ್. ಜೆ. ಡಾಸನ್ ಅನ್ನೋ 227ನೇ ಕಲ್ಲಿನ ಮುಂದೆ ಮಾತ್ರ ಜನ, ಹೂವು. ಸಿನಿಮಾದ ಹುಡುಗ ಅಂತ ಬರುತ್ತಾರೆ. ಅದು ಜೋಸೆಫ್ ಡಾಸನ್, ಕಲ್ಲಿದ್ದಲು ಹೊರುತ್ತಿದ್ದ ಬಡ ಕೆಲಸಗಾರ. ಹೂವು ಅವನಿಗೇ ಸಲ್ಲಲಿ ಬಿಡಿ.

ನಾನು ಜಾಸ್ತಿ ಹೊತ್ತು ನಿಂತದ್ದು ‘ಗುರುತು ಸಿಗದ ಮಗು’ವಿನ ಕಲ್ಲಿನ ಹತ್ತಿರ. ಮ್ಯಾಕೇ ಬೆನೆಟ್ ಸಿಬ್ಬಂದಿಯೇ ಮುಂದೆ ನಿಂತು ಹಾಕಿಸಿದ ಕಲ್ಲು ಅದು. ಒಮ್ಮೆ ಡಿಎನ್ಎ ನೋಡಿ ಬೇರೆ ಮಗುವಿನ ಹೆಸರು ಹೇಳಿದ್ದರು. ಮತ್ತೆ ಪರೀಕ್ಷೆ ಮಾಡಿ 2007ರಲ್ಲಿ ಸಿಡ್ನಿ ಗುಡ್‌ವಿನ್ ಅಂತ ಖಚಿತವಾಯಿತು. ಹತ್ತೊಂಬತ್ತು ತಿಂಗಳ ಇಂಗ್ಲಿಷ್ ಮಗು. ಅಪ್ಪ ಅಮ್ಮ, ಆರು ಮಕ್ಕಳು, ಎಂಟಕ್ಕೆ ಎಂಟೂ ಜನ ಹೋದ ಮನೆ. ಮಗುವಿನ ಪುಟ್ಟ ಶೂ ಊರಿನ ಕಡಲ ಮ್ಯೂಸಿಯಂನಲ್ಲಿದೆ. ಸುಟ್ಟುಹಾಕಬೇಕಿದ್ದ ಬಟ್ಟೆಗಳ ಮಧ್ಯೆ ಅದನ್ನು ಸುಡಲು ಮನಸ್ಸು ಬಾರದೆ ಒಬ್ಬ ಪೊಲೀಸ್ ಎತ್ತಿಟ್ಟಿದ್ದ. ಹೆಸರು ಸಿಕ್ಕಿದ್ದಕ್ಕೆ ಆ ಶೂ ಕೂಡ ನೆರವಾಯಿತು. ಡಿಎನ್ಎ ಸೂಚಿಸಿದ್ದ ಮೊದಲ ಮಗುವಿನ ಕಾಲಿಗೆ ಅದು ದೊಡ್ಡದಾಗುತ್ತಿತ್ತು.

ಫೇರ್‌ವ್ಯೂ ಲಾನ್ ಪಕ್ಕದಲ್ಲೇ ಇರುವ ಯಹೂದಿ ಸ್ಮಶಾನದಲ್ಲಿ ಮಿಶೆಲ್ ಅವರ ಅಪ್ಪನಿದ್ದಾನೆ. ಹಾಫ್‌ಮನ್ ಅನ್ನೋ ಹೆಸರು ಕೇಳಿ ಯಹೂದಿ ಅಂದುಕೊಂಡು ಅಲ್ಲಿ ಹೂಳಿದ್ದರು. ಮಿಶೆಲ್ 1996ರಲ್ಲಿ, 88ನೇ ವಯಸ್ಸಿನಲ್ಲಿ, ಅಪ್ಪನ ಸಮಾಧಿ ನೋಡಲು ಬಂದಿದ್ದರು.

ನಿಮಗೂ ಶುರು ಮಾಡಬೇಕು ಅನ್ನಿಸಿದರೆ ಇಡೀ ಹಡಗನ್ನು ಹಿಡಿಯೋಕೆ ಹೋಗಬೇಡಿ. ಒಂದು ದೋಣಿ ತೆಗೆದುಕೊಳ್ಳಿ. ಅದರಲ್ಲಿ ಯಾರಿದ್ದರು, ಎಷ್ಟು ಜನ ಹಿಡಿಯುತ್ತಿತ್ತು, ಎಷ್ಟು ಜನರನ್ನು ಹತ್ತಿಸಿದರು ನೋಡಿ. ಮೊದಲು ಇಳಿದ 7ನೇ ದೋಣಿ 65 ಜನರಿಗೆ, ಹೋದವರು ಅದರ ಅರ್ಧದಷ್ಟೂ ಇಲ್ಲ. ಹಡಗಿನಲ್ಲಿ ಇದ್ದದ್ದೇ 20 ದೋಣಿ, ಎಲ್ಲ ತುಂಬಿದ್ದರೂ 1,178 ಜನ. ಹತ್ತಿದ್ದವರು ಸುಮಾರು 2,200. ಈ ಲೆಕ್ಕವನ್ನು ಕೈಯಾರೆ ಬರೆದು ಕೂಡಿಸಿ ನೋಡಿ, ಸುಮ್ನೆ ಓದಿದಾಗ ಆಗದ ಸಂಕಟ ಆಗುತ್ತೆ. ಬದುಕುಳಿದವರ ಧ್ವನಿಮುದ್ರಣ ಸಿಕ್ಕರೆ ಬರಹಕ್ಕಿಂತ ಮೊದಲು ಅದನ್ನೇ ಕೇಳಿ. ಈವಾ ಹಾರ್ಟ್ ದನಿಯಲ್ಲಿ, ಕತ್ತಲಲ್ಲಿ ನೀರಿಗೆ ಬಿದ್ದವರ ಕೂಗಿನ ಬಗ್ಗೆ ಕೇಳಿದ ಮೇಲೆ ನನಗೆ ಸಿನಿಮಾ ದೃಶ್ಯಗಳು ಬೇಕೆನಿಸಲಿಲ್ಲ.

ಈಗ ನನ್ನ ಮೇಜಿನ ಮೇಲಿರುವುದು ಬದುಕುಳಿಯದವರೊಬ್ಬರ ಪುಟ. ಆನೀ ಫಂಕ್. ಈಗಿನ ಛತ್ತೀಸಗಢದ ಜಾಂಜಗೀರ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಅಮೆರಿಕದ ಮೆನೊನೈಟ್ ಮಿಷನರಿ. ಅಮ್ಮನಿಗೆ ಹುಷಾರಿಲ್ಲ ಅಂತ ತಂತಿ ಬಂತು. ಬಾಂಬೆಯಿಂದ ಹಡಗು ಹತ್ತಿ ಇಂಗ್ಲೆಂಡ್ ಮುಟ್ಟಿದರೆ, ಟಿಕೆಟ್ ತೆಗೆದಿದ್ದ ಹಡಗು ಮುಷ್ಕರದಿಂದ ನಿಂತಿದೆ. ಬೇಗ ಹೋಗಬೇಕಲ್ಲ ಅಂತ ಜಾಸ್ತಿ ದುಡ್ಡು ಕೊಟ್ಟು ಟೈಟಾನಿಕ್ ಹತ್ತಿದರು. ಏಪ್ರಿಲ್ 12ರಂದು ಹಡಗಿನಲ್ಲೇ ಅವರಿಗೆ 38 ತುಂಬಿತು. ಗುಂಟೂರಿನ ಬೆಕರ್ ಮನೆಯವರು, ಜಾಂಜಗೀರ್‌ನ ಆನೀ, ಇಬ್ಬರೂ ಎರಡನೇ ದರ್ಜೆ, ಇಬ್ಬರೂ ಭಾರತದಿಂದ ಬಂದ ಮಿಷನರಿಗಳು. ಆ ನಾಲ್ಕು ದಿನದಲ್ಲಿ ಊಟದ ಮೇಜಿನಲ್ಲೋ ಡೆಕ್ ಮೇಲೋ ಇವರು ಮಾತಾಡಿರಬೇಕಲ್ವಾ? ರೂತ್ ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ಓದುತ್ತಿದ್ದೇನೆ, ಎಲ್ಲಾದರೂ ಒಂದು ಸಾಲು ಸಿಗುತ್ತಾ ಅಂತ.